ಅರಸೀಕೆರೆ ಹೋಟೆಲಿನಿಂದ ಏಳು ಸಮುದ್ರದಾಚೆಗೆ: ಬಿ. ವಿಠಲಾಚಾರ್ಯ

ನಮ್ಮ ಹಾಸ್ಟೆಲ್‌ನಲ್ಲಿ ಒನ್ ಪೀಸ್ ಬಗ್ಗೆ ಮಾತು ಶುರುವಾದ್ರೆ ಮೆಸ್ ಮುಚ್ಚೋ ತನಕ ನಿಲ್ಲಲ್ಲ. 1999ರ ಅಕ್ಟೋಬರ್ 20ರಂದು ಜಪಾನಿನ ಟಿವಿಯಲ್ಲಿ ಶುರುವಾದ ಅನಿಮೆ ಅದು. ಈಗ 1100ಕ್ಕೂ ಹೆಚ್ಚು ಎಪಿಸೋಡ್ ಆಗಿದೆ, ಇನ್ನೂ ಮುಗಿದಿಲ್ಲ. ಸಮುದ್ರ, ಹಡಗು, ಯಾವುದೋ ಹಣ್ಣು ತಿಂದು ರಬ್ಬರ್ ಆದ ಹುಡುಗ, ದ್ವೀಪಕ್ಕೊಂದು ಹೊಸ ವಿಲನ್. ಈ ಸಂಚಿಕೆಗೆ ಅದರದ್ದೇ ವಿಮರ್ಶೆ ಬರೆಯೋಣ ಅಂತಿದ್ದೆ. ಆದ್ರೆ ಅದರ ಬಗ್ಗೆ ನಿಮಗೆ ನನಗಿಂತ ಜಾಸ್ತಿ ಗೊತ್ತು. ಹಾಗಾಗಿ ಅದೇ 1999ರಲ್ಲಿ, ಆ ಅನಿಮೆ ಶುರುವಾಗೋಕೆ ಐದು ತಿಂಗಳು ಮುಂಚೆ, ಮೇ ತಿಂಗಳಲ್ಲಿ ತೀರಿಕೊಂಡ ಒಬ್ಬರ ಬಗ್ಗೆ ಬರೀತೀನಿ. ಏಳು ಸಮುದ್ರದಾಚೆಯ ದ್ವೀಪ, ಮಾಂತ್ರಿಕ, ಹಾರುವ ಕುದುರೆ, ಗಿಣಿಯಾದ ರಾಜಕುಮಾರ, ಮಾತಾಡುವ ಹಾವು, ಇದನ್ನೆಲ್ಲ ಮೂವತ್ತು ನಲವತ್ತು ವರ್ಷ ಬಿಡದೆ ತೆರೆ ಮೇಲೆ ತೋರಿಸಿದವರು ಅವರು. ತೆಲುಗಿನವರು ಅವರಿಗೆ ಜಾನಪದ ಬ್ರಹ್ಮ ಅಂತ ಬಿರುದು ಕೊಟ್ಟರು. ಹೆಸರು ಬಿ. ವಿಠಲಾಚಾರ್ಯ. ನಮ್ಮ ಕ್ಲಾಸಿನ ಹೈದರಾಬಾದ್ ಕಡೆಯ ಹುಡುಗರಿಗೆ ಹೆಸರು ಹೇಳಿದ ತಕ್ಷಣ ನಗು ಬಂತು, ಗೊತ್ತು ಅಂದರು. ನಮ್ಮ ಕನ್ನಡದ ಹುಡುಗರಿಗೆ ಗೊತ್ತಿರಲಿಲ್ಲ. ಅವರು ಕನ್ನಡದವರು ಅನ್ನೋದಂತೂ ಎರಡೂ ಕಡೆಯವರಿಗೆ ಗೊತ್ತಿರಲಿಲ್ಲ.

ಹುಟ್ಟಿದ್ದು 1920ರಲ್ಲಿ, ಉಡುಪಿ ಹತ್ತಿರದ ಉದ್ಯಾವರದಲ್ಲಿ. ಏಳನೇ ಮಗು. ಅಪ್ಪ ಆಯುರ್ವೇದದ ವೈದ್ಯರು, ಊರಿನವರಿಗೆ ದುಡ್ಡಿಲ್ಲದೆ ಔಷಧಿ ಕೊಡ್ತಿದ್ದವರು. ಅಂದ್ರೆ ಮನೆಗೆ ಹೆಸರಿತ್ತು, ಹಣ ಅಷ್ಟಕ್ಕಷ್ಟೆ. ಹುಡುಗನಿಗೆ ಹುಚ್ಚು ಇದ್ದಿದ್ದು ನಾಟಕ, ಬಯಲಾಟ, ಯಕ್ಷಗಾನ. ಶಾಲೆ ಮೂರನೇ ಕ್ಲಾಸಿಗೆ ನಿಂತಿತು. ಒಂಬತ್ತನೇ ವಯಸ್ಸಿಗೆ ಮನೆ ಬಿಟ್ಟು ಹೊರಟ.

ಕರಾವಳಿಯ ಆ ಕಾಲದ ಮಕ್ಕಳಿಗೆ ಯಕ್ಷಗಾನ ಅಂದ್ರೆ ನಮಗೆ ಅನಿಮೆ ಇದ್ದ ಹಾಗೆ ಅಂತ ನನಗನ್ನಿಸುತ್ತೆ. ರಾತ್ರಿಯಿಡೀ ಕತೆ. ರಾಕ್ಷಸ ಬರೋದಕ್ಕೆ ಮುಂಚೆ ಪಂಜು, ಚೆಂಡೆ, ಕಿರುಚಾಟ. ಮುಖದ ಬಣ್ಣ ನೋಡಿದ್ರೇ ಯಾರು ಒಳ್ಳೆಯವನು ಯಾರು ಕೆಟ್ಟವನು ಗೊತ್ತಾಗುತ್ತೆ. ಒಂದು ರಾತ್ರಿಗೆ ಮುಗಿಯಲ್ಲ, ನಾಳೆ ಇನ್ನೊಂದು ಪ್ರಸಂಗ, ಅದೇ ಪಾತ್ರಗಳು. ಮನೆ ಹತ್ತಿರ ನಾಗಬನ, ಊರಲ್ಲಿ ಭೂತದ ಕೋಲ. ಇದರ ಮಧ್ಯೆ ಬೆಳೆದವನಿಗೆ ಹಾವು ಹೆಣ್ಣಾಗೋದು, ಸತ್ತವರು ವಾಪಸ್ ಬರೋದು ಕಲ್ಪನೆ ಅಂತ ಅನಿಸಿರಲಿಕ್ಕಿಲ್ಲ. ಪಕ್ಕದ ಮನೆ ಸುದ್ದಿ ಅನಿಸಿರಬೇಕು.

ಮನೆ ಬಿಟ್ಟವನು ಬಂದು ಸೇರಿದ್ದು ಅರಸೀಕೆರೆಗೆ. ಉಡುಪಿ ಆಗ ಬ್ರಿಟಿಷರ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು, ಅರಸೀಕೆರೆ ಮೈಸೂರು ಮಹಾರಾಜರ ಸಂಸ್ಥಾನ. ಮಂಗಳೂರಿಂದ ಹಾಸನಕ್ಕೆ ರೈಲು ಬಂದಿದ್ದೇ 1979ರಲ್ಲಿ. 1929ರ ಹೊತ್ತಿಗೆ ಒಂಬತ್ತು ವರ್ಷದ ಹುಡುಗ ಘಾಟಿ ಹತ್ತಿ ಬೇರೆ ರಾಜ್ಯಕ್ಕೆ ಹೋಗೋದು ಸಣ್ಣ ವಿಷಯ ಅಲ್ಲ. ಆದ್ರೆ ಅರಸೀಕೆರೆಯನ್ನೇ ಯಾಕೆ ಹಿಡಿದ ಅನ್ನೋದು ಅರ್ಥ ಆಗುತ್ತೆ. ಅದು ಜಂಕ್ಷನ್. ಬೆಂಗಳೂರು, ಹುಬ್ಬಳ್ಳಿ, ಮೈಸೂರು ಕಡೆಯ ಜನ ಎಲ್ಲ ಅಲ್ಲಿ ಇಳಿದು ಹತ್ತಬೇಕು. ಇಳಿದವರಿಗೆ ಕಾಫಿ ಬೇಕು, ಇಡ್ಲಿ ಬೇಕು. ಉಡುಪಿಯವರು ಎಲ್ಲಿ ರೈಲು ನಿಲ್ಲುತ್ತೋ ಅಲ್ಲಿ ಹೋಟೆಲ್ ಇಟ್ಟವರು. ನಮ್ಮೂರು ಬಿಕ್ಕೋಡಿಂದ ಅರಸೀಕೆರೆಗೆ ಹೋಗಬೇಕಂದ್ರೆ ಬೇಲೂರು, ಹಳೇಬೀಡು, ಜಾವಗಲ್ ದಾಟಿಕೊಂಡು ಹೋಗಬೇಕು. ಈಗಲೂ ಬೆಂಗಳೂರು ರೈಲಿಗೆ ಎಷ್ಟೋ ಜನ ಅಲ್ಲಿಗೇ ಹೋಗ್ತಾರೆ.

ವಿಠಲ ಅಲ್ಲಿ ಸಿಕ್ಕ ಸಿಕ್ಕ ಚಿಕ್ಕಪುಟ್ಟ ಕೆಲಸ ಮಾಡಿದ. ಕೊನೆಗೆ ಸಂಬಂಧಿಕರೊಬ್ಬರ ಹೋಟೆಲನ್ನೇ ಕೊಂಡುಕೊಂಡು ಚೆನ್ನಾಗಿ ನಡೆಸಿದ. ಇಲ್ಲಿಗೇ ಕತೆ ನಿಂತಿದ್ರೆ ಒಬ್ಬ ಯಶಸ್ವಿ ಹೋಟೆಲ್ ಮಾಲೀಕ ಅಷ್ಟೇ. ಆದ್ರೆ 1942 ಬಂತು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಗೆಳೆಯರ ಜೊತೆ ಸೇರಿ ಜೈಲಿಗೆ ಹೋದರು. ಆಗ ಅವರಿಗೆ ಇಪ್ಪತ್ತೆರಡು, ಅಂದ್ರೆ ನಮ್ಮ ಫೈನಲ್ ಇಯರ್ ಸೀನಿಯರ್‌ಗಳ ವಯಸ್ಸು.

ಹೊರಗೆ ಬಂದ ಮೇಲೆ ಗೆಳೆಯ ಡಿ. ಶಂಕರ್ ಸಿಂಗ್ ಮತ್ತು ಇನ್ನು ಕೆಲವರ ಜೊತೆ ಸೇರಿ ಒಂದು ಟೂರಿಂಗ್ ಟಾಕೀಸ್ ಶುರು ಮಾಡಿದರು. ಹಾಸನ ಜಿಲ್ಲೆಯಲ್ಲಿ. ಹೋಟೆಲನ್ನು ತಮ್ಮನಿಗೆ ಒಪ್ಪಿಸಿ ವಿಠಲಾಚಾರ್ಯರು ಟೆಂಟಿನ ಮ್ಯಾನೇಜರ್ ಆದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕಂದ್ರೆ ಇವರ ಇಂಜಿನಿಯರಿಂಗ್ ಕಾಲೇಜು ಇದೇ. ಟೂರಿಂಗ್ ಟಾಕೀಸ್ ನಮ್ಮಲ್ಲಿ ಯಾರೂ ನೋಡಿಲ್ಲ. ಒಂದು ದೊಡ್ಡ ಡೇರೆ, ಬಿಳಿ ಪರದೆ, ಒಂದೇ ಒಂದು ಪ್ರೊಜೆಕ್ಟರ್. ಮುಂದೆ ನೆಲ, ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ. ಡೇರೆಯೊಳಗೆ ಕತ್ತಲಾಗಬೇಕಾದ್ರೆ ಸೂರ್ಯ ಮುಳುಗಬೇಕು, ಹಾಗಾಗಿ ಆಟ ಸಂಜೆ ಮೇಲೆ ಮಾತ್ರ. 35 ಎಂಎಂ ಫಿಲಂನಲ್ಲಿ ಒಂದು ಅಡಿಗೆ 16 ಚಿತ್ರ, ಸೆಕೆಂಡಿಗೆ 24 ಚಿತ್ರ ಓಡಬೇಕು. ಲೆಕ್ಕ ಹಾಕಿ, ನಿಮಿಷಕ್ಕೆ 90 ಅಡಿ. ಸಾವಿರ ಅಡಿಯ ರೀಲು 11 ನಿಮಿಷಕ್ಕೆ ಖಾಲಿ. ಒಂದೇ ಪ್ರೊಜೆಕ್ಟರ್ ಇದ್ದಲ್ಲಿ ರೀಲು ಬದಲಾಯಿಸೋ ತನಕ ಪರದೆ ಬಿಳಿ. ಆ ಒಂದೆರಡು ನಿಮಿಷ ಜನ ಏನು ಮಾಡ್ತಾರೆ? ಕತೆ ಹಿಡಿದಿದ್ರೆ ಕೂತಿರ್ತಾರೆ, ಇಲ್ಲದಿದ್ರೆ ಶಿಳ್ಳೆ ಹೊಡೀತಾರೆ, ಎದ್ದು ಹೋಗ್ತಾರೆ. ಯಾವ ದೃಶ್ಯಕ್ಕೆ ನೆಲದವರು ಕೂಗಿದರು, ಯಾವ ದೃಶ್ಯಕ್ಕೆ ಬೀಡಿ ಹಚ್ಚಿದರು ಅನ್ನೋದು ಮ್ಯಾನೇಜರ್‌ಗೆ ಗೊತ್ತಾದಷ್ಟು ಡೈರೆಕ್ಟರ್‌ಗೂ ಗೊತ್ತಾಗಲ್ಲ. ವಿಠಲಾಚಾರ್ಯರು ಟೆಂಟಿಗೆ ಬಂದ ಪ್ರತಿಯೊಂದು ಸಿನಿಮಾವನ್ನೂ ನೋಡಿದರು, ಹಾಗೇ ಸಿನಿಮಾ ಮಾಡೋದು ಕಲಿತರು. ಇವತ್ತು ಯೂಟ್ಯೂಬ್‌ನಲ್ಲಿ ಯಾವ ಸೆಕೆಂಡಿಗೆ ಎಷ್ಟು ಜನ ಬಿಟ್ಟು ಹೋದರು ಅಂತ ಗ್ರಾಫ್ ತೋರಿಸ್ತಾರಲ್ಲ, ಅದನ್ನು ಅವರು ಕಣ್ಣಲ್ಲೇ ನೋಡ್ತಿದ್ದರು. ಒಂದು ಟೆಂಟು ನಾಲ್ಕಾಯಿತು. 1944ರಲ್ಲಿ ಜಯಲಕ್ಷ್ಮಿ ಅವರ ಜೊತೆ ಮದುವೆ ಆಯಿತು.

ಒಂದು ನನ್ನ ಊಹೆ ಹೇಳ್ತೀನಿ, ಇದಕ್ಕೆ ದಾಖಲೆ ಏನೂ ಕೇಳಬೇಡಿ. ಹಾಸನ ಜಿಲ್ಲೆಯಲ್ಲಿ ವರ್ಷಗಟ್ಟಲೆ ಇದ್ದವರು ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನ ನೋಡದೆ ಇರೋಕೆ ಸಾಧ್ಯವಾ? ಅಲ್ಲಿ ಗೋಡೆ ಸುತ್ತ ಕೆಳಗಿನ ಪಟ್ಟಿಗಳಲ್ಲಿ ಆನೆ, ಕುದುರೆ, ರಾಮಾಯಣ ಮಹಾಭಾರತದ ದೃಶ್ಯಗಳು ಸಾಲಾಗಿ ಓಡ್ತವೆ. ನಡೀತಾ ನೋಡಿದ್ರೆ ಸ್ಟೋರಿಬೋರ್ಡ್ ತರಾನೇ. ಅಲ್ಲಿನ ಮಕರ ಅಂತೂ ನಾಲ್ಕಾರು ಪ್ರಾಣಿ ಸೇರಿಸಿ ಮಾಡಿದ ಪ್ರಾಣಿ. ಬೇಲೂರು ಒಳಗಡೆ ಕಂಬದಲ್ಲಿ ಮೋಹಿನಿ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಆಮೇಲೆ ಗೆಳೆಯರೆಲ್ಲ ಮೈಸೂರಿಗೆ ಹೋಗಿ ಮಹಾತ್ಮ ಪಿಕ್ಚರ್ಸ್ ಅಂತ ಕಂಪನಿ ಕಟ್ಟಿದರು. ಬೇರೆಯವರ ಸಿನಿಮಾ ತೋರಿಸೋದಕ್ಕಿಂತ ನಮ್ಮದೇ ಮಾಡೋಣ ಅನ್ನೋ ಲೆಕ್ಕ. ಆಗ ಕನ್ನಡದಲ್ಲಿ ಸಿನಿಮಾ ಮಾಡೋರೇ ಕಡಿಮೆ. ಮೊದಲ ಟಾಕಿ ಸತಿ ಸುಲೋಚನ ಬಂದಿದ್ದು 1934ರಲ್ಲಿ, ಆಮೇಲೂ ವರ್ಷಕ್ಕೆ ಕೈಬೆರಳಲ್ಲಿ ಎಣಿಸುವಷ್ಟು. 1949ರಲ್ಲಿ ಇವರ ನಾಗಕನ್ನಿಕಾ ಬಂತು. ಹೆಸರೇ ಹೇಳುತ್ತೆ, ಹಾವು ಹೆಣ್ಣಿನ ಕತೆ. ಅನಿಮೆ ಪ್ರಿಯರಿಗೆ ಇಲ್ಲೊಂದು ವಿಷಯ: ಒನ್ ಪೀಸ್ ಮಾಡೋ ತೋಯೆಯಿ ಕಂಪನಿ 1958ರಲ್ಲಿ ಜಪಾನಿನ ಮೊದಲ ಬಣ್ಣದ ಪೂರ್ಣ ಪ್ರಮಾಣದ ಅನಿಮೇಷನ್ ಸಿನಿಮಾ ಮಾಡಿತು, ಹೆಸರು ಹಾಕುಜಾದೆನ್. ಅದೂ ಹೆಣ್ಣಾಗಿ ಬರುವ ಬಿಳಿ ಹಾವಿನ ಕತೆ, ಮೂಲ ಚೀನಾದ್ದು. ಒಬ್ಬರಿಗೆ ಇನ್ನೊಬ್ಬರು ಗೊತ್ತಿರಲಿಲ್ಲ. ಆದ್ರೂ ಮೈಸೂರಿನವರು, ಟೋಕಿಯೋದವರು ಇಬ್ಬರೂ ಆರಂಭಕ್ಕೆ ಹಿಡಿದಿದ್ದು ಹಾವನ್ನೇ. ಅಜ್ಜಿ ಕತೆ ಎಲ್ಲ ದೇಶದಲ್ಲೂ ಒಂದೇ ಅಂಗಡಿಯದ್ದು ಅನ್ಸುತ್ತೆ.

1951ರಲ್ಲಿ ಜಗನ್ಮೋಹಿನಿ. ಶಂಕರ್ ಸಿಂಗ್ ನಿರ್ದೇಶನ, ಪ್ರತಿಮಾ ದೇವಿ ಮುಖ್ಯ ಪಾತ್ರದಲ್ಲಿ. ನೂರು ದಿನ ಓಡಿದ ಮೊದಲ ಕನ್ನಡ ಸಿನಿಮಾ ಅಂತ ಹೆಸರು ಮಾಡಿತು. ಶಂಕರ್ ಸಿಂಗ್, ಪ್ರತಿಮಾ ದೇವಿ ದಂಪತಿ. ಅವರ ಮಗನೇ ನಿರ್ದೇಶಕ ರಾಜೇಂದ್ರ ಸಿಂಗ್ ಬಾಬು. ಅಂದ್ರೆ ನಾವು ಕೇಳಿರೋ ಎಷ್ಟೋ ಕನ್ನಡ ಸಿನಿಮಾಗಳ ಬೇರು ಹಾಸನ ಜಿಲ್ಲೆಯ ಒಂದು ಡೇರೆಯಲ್ಲಿದೆ.

ಬೇರೆ ಪಾಲುದಾರರು ಒಬ್ಬೊಬ್ಬರಾಗಿ ಬಿಟ್ಟು ಹೋದರು. 1953ರ ತನಕ ಇವರಿಬ್ಬರೇ ಎಳೆದರು. ಆಮೇಲೆ ಇವರೂ ಬೇರೆಯಾದರು. ವಿಠಲಾಚಾರ್ಯರು ವಿಠಲ್ ಪ್ರೊಡಕ್ಷನ್ಸ್ ಶುರು ಮಾಡಿದರು. 1954ರಲ್ಲಿ ಕನ್ಯಾದಾನ ಮಾಡಿದರು. ಇದು ಮಾಯ ಮಂತ್ರ ಏನೂ ಇಲ್ಲದ ಸಾಮಾಜಿಕ ಸಿನಿಮಾ, ಬಾಲ್ಯವಿವಾಹ ಮತ್ತು ವರದಕ್ಷಿಣೆ ವಿರುದ್ಧ. ಮರುವರ್ಷ ಅದನ್ನೇ ತೆಲುಗಿನಲ್ಲಿ ಮಾಡಿದರು. ಅಲ್ಲಿಂದ ದಾರಿ ತಿರುಗಿತು. ಮದ್ರಾಸಿಗೆ ಮನೆ ಬದಲಾಯಿಸಿದರು. ಮುಂದೆ 1958ರ ಮನೆ ತುಂಬಿದ ಹೆಣ್ಣು ತರಹ ಕನ್ನಡ ಸಿನಿಮಾಗಳನ್ನು ಮಾಡಿದರೂ ಬದುಕು ತೆಲುಗಿನದ್ದಾಯಿತು.

ಯಾಕೆ ಹೋದರು ಅಂತ ಸಿಟ್ಟು ಮಾಡಿಕೊಳ್ಳೋದು ಸುಲಭ. ಆಗಿನ ಲೆಕ್ಕ ನೋಡಿ. 1956ರ ನವೆಂಬರ್ 1ಕ್ಕೆ ಮುಂಚೆ ಕನ್ನಡ ಮಾತಾಡೋ ಜಾಗ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಅಂತ ಹರಿದು ಹಂಚಿಹೋಗಿತ್ತು. ಒಂದು ಕನ್ನಡ ಸಿನಿಮಾ ಮಾಡಿದ್ರೆ ಅದನ್ನು ಇಷ್ಟೂ ಕಡೆ ಮುಟ್ಟಿಸಿ ದುಡ್ಡು ವಾಪಸ್ ತರಬೇಕು. ತೆಲುಗಿಗೆ ಮಾರುಕಟ್ಟೆ ದೊಡ್ಡದು. ಸ್ಟುಡಿಯೋ, ಲ್ಯಾಬ್, ಕ್ಯಾಮೆರಾದವರು, ಸ್ಟಂಟಿನವರು ಎಲ್ಲ ಮದ್ರಾಸಿನಲ್ಲಿ. ಟ್ರಿಕ್ ಸಿನಿಮಾ ಮಾಡೋನಿಗೆ ಲ್ಯಾಬ್ ಪಕ್ಕದಲ್ಲಿ ಇರಬೇಕು. ನಮ್ಮ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ಆದವರು ಎಲ್ಲಿ ಎಲ್ಲಿ ಹೋಗ್ತಾರೆ ಅಂತ ನೋಟಿಸ್ ಬೋರ್ಡ್ ನೋಡಿ, ಆಮೇಲೆ ಅವರ ಬಗ್ಗೆ ಮಾತಾಡೋಣ. ಆದ್ರೆ ಹೋದವರನ್ನು ನಾವು ಮರೆತುಬಿಟ್ಟೆವಲ್ಲ, ಆ ತಪ್ಪನ್ನು ಮಾರುಕಟ್ಟೆ ತಲೆಗೆ ಕಟ್ಟೋಕಾಗಲ್ಲ. ಅದು ನಮ್ಮದು.

ತೆಲುಗಿನಲ್ಲಿ ಅವರು ಮಾಡಿದ್ದನ್ನೆಲ್ಲ ಪಟ್ಟಿ ಮಾಡೋಕೆ ಹೋಗಲ್ಲ. ಜಯವಿಜಯ, ಕನಕದುರ್ಗಾ ಪೂಜಾ ಮಹಿಮ, ಗುರುವುನು ಮಿಂಚಿನ ಶಿಷ್ಯುಡು, ನವಗ್ರಹ ಪೂಜಾ ಮಹಿಮ, ಜ್ವಾಲಾ ದ್ವೀಪ ರಹಸ್ಯಂ, ಅಗ್ಗಿ ಬರಾಟ, ಲಕ್ಷ್ಮೀ ಕಟಾಕ್ಷಂ, ರಾಜಕೋಟ ರಹಸ್ಯಂ... ಹೆಸರು ಓದಿದ್ರೇ ಎಪಿಸೋಡ್ ಟೈಟಲ್ ಥರ ಇವೆ. ಹೀರೋ ಒಂದೋ ಕತ್ತಿ ತಿರುಗಿಸೋದರಲ್ಲಿ ಹೆಸರಾಗಿದ್ದ ಕಾಂತಾರಾವ್, ಇಲ್ಲ ಎನ್.ಟಿ. ರಾಮರಾವ್. ವಿಲನ್ ಬಹಳ ಸಲ ರಾಜನಾಳ. ಕತೆಯ ಮೂಳೆಯೂ ಒಂದೇ: ರಾಜ್ಯ ಕಳಕೊಂಡ ರಾಜಕುಮಾರ, ದುರಾಸೆಯ ಮಂತ್ರಿ ಅಥವಾ ಮಾಂತ್ರಿಕ, ಒಂದು ಶಾಪ, ಒಂದು ದೂರದ ವಸ್ತು, ದಾರಿಯಲ್ಲಿ ಪರೀಕ್ಷೆಗಳು, ನಗಿಸೋಕೆ ಒಬ್ಬ ಗೆಳೆಯ. ಒಂದೇ ಸರಣಿಯ ಬೇರೆ ಬೇರೆ ಆರ್ಕ್ ಅಂತ ಅಂದುಕೊಂಡು ನೋಡಿದ್ರೆ ಸರಿಹೋಗುತ್ತೆ. ಒಂದೊಂದನ್ನೇ ಬಿಡಿಯಾಗಿ ತೂಕ ಹಾಕಿದ್ರೆ ಕೆಲವು ತುಂಬಾ ಜೊಳ್ಳು, ಫಿಲ್ಲರ್ ಅಂತಲೇ ಹೇಳಬೇಕು.

ಒಳ್ಳೆಯದರಲ್ಲಿ ಒಂದನ್ನು ಕನ್ನಡದಲ್ಲೇ ನೋಡಬಹುದು. 1963ರಲ್ಲಿ ಎನ್‌ಟಿಆರ್ ಜೊತೆ ಬಂದಿಪೋಟು ಮಾಡಿದರು, ಅದೇ ವರ್ಷ ಅದೇ ಕತೆಯನ್ನು ರಾಜ್‌ಕುಮಾರ್, ಲೀಲಾವತಿ ಜೊತೆ ವೀರಕೇಸರಿ ಅಂತ ಕನ್ನಡಕ್ಕೆ ತಂದರು. ಸಂಗೀತ ಘಂಟಸಾಲ ಅವರದ್ದು. ಅದರಲ್ಲಿ ಅವರೂ ಪಿ. ಸುಶೀಲ ಅವರೂ ಹಾಡಿದ ಯುಗಳಗೀತೆಯನ್ನು ನಿಮ್ಮ ಅಪ್ಪ ಅಮ್ಮನ ಮುಂದೆ ಎರಡು ಸ್ವರ ಗುನುಗಿ ಸಾಕು, ಉಳಿದಿದ್ದು ಅವರೇ ಹಾಡ್ತಾರೆ. ಬಡವರ ಪರ ನಿಂತ ದರೋಡೆಕೋರ, ಜಂಬದ ರಾಜಕುಮಾರಿ, ಕೆಟ್ಟ ಅಧಿಕಾರಿಗಳು. ಕತೆ ಎಲ್ಲೂ ನಿಲ್ಲಲ್ಲ. ಪ್ರತಿ ಹತ್ತು ನಿಮಿಷಕ್ಕೊಂದು ತಿರುವು ಬರುತ್ತೆ, ಆಗ ನನಗೆ ಆ 11 ನಿಮಿಷದ ರೀಲು ನೆನಪಾಯಿತು. ರೀಲು ಬದಲಾಗುವಾಗ ಜನ ಎದ್ದು ಹೋಗಬಾರದು ಅನ್ನೋ ಭಯ ಇರೋನು ಬರೆಸಿದ ಸ್ಕ್ರಿಪ್ಟ್ ಹೀಗೇ ಇರುತ್ತೆ.

ಈಗ ಟ್ರಿಕ್ ವಿಷಯ. ಕಂಪ್ಯೂಟರ್ ಇಲ್ಲ, ಗ್ರೀನ್ ಮ್ಯಾಟ್ ಇಲ್ಲ. ಆ ಕಾಲದವರ ಕೈಯಲ್ಲಿದ್ದಿದ್ದು ಕ್ಯಾಮೆರಾ ಮತ್ತು ತಾಳ್ಮೆ. ಮಾಯ ಆಗೋ ದೃಶ್ಯ ಸುಲಭ: ಕ್ಯಾಮೆರಾ ಅಲುಗಾಡದ ಹಾಗೆ ಸ್ಟ್ಯಾಂಡಿಗೆ ಬಿಗಿದು, ಓಡ್ತಿರೋದನ್ನು ನಿಲ್ಲಿಸಿ, ನಟನನ್ನು ಹೊರಗೆ ಕಳಿಸಿ, ಮತ್ತೆ ಓಡಿಸೋದು. ಫ್ರಾನ್ಸಿನ ಮೆಲಿಯೆಸ್ 1890ರ ದಶಕದಲ್ಲೇ ಮಾಡಿದ್ದು. ಒಬ್ಬನೇ ನಟ ಎರಡು ಪಾತ್ರವಾಗಿ ಎದುರುಬದುರು ನಿಲ್ಲಬೇಕಾದ್ರೆ ಕಷ್ಟ ಜಾಸ್ತಿ. ಲೆನ್ಸಿನ ಅರ್ಧಕ್ಕೆ ಕಪ್ಪು ಮುಚ್ಚಳ ಹಾಕಿ ಒಂದು ಸಲ ಶೂಟ್ ಮಾಡಬೇಕು, ಫಿಲಂ ಹಿಂದಕ್ಕೆ ಸುತ್ತಬೇಕು, ಆಮೇಲೆ ಇನ್ನೊಂದು ಅರ್ಧ ಮುಚ್ಚಿ ಅದೇ ಫಿಲಂ ಮೇಲೆ ಮತ್ತೆ ಶೂಟ್ ಮಾಡಬೇಕು. ಐದು ಸೆಕೆಂಡಿನ ಶಾಟ್ ಅಂದ್ರೆ 120 ಫ್ರೇಮು, ಏಳೂವರೆ ಅಡಿ. ಹಿಂದಕ್ಕೆ ಸುತ್ತುವಾಗ ಎಣಿಕೆ ತಪ್ಪಿದ್ರೆ ಒಬ್ಬ ಮಾತು ಮುಗಿಸೋಕೆ ಮುಂಚೆ ಇನ್ನೊಬ್ಬ ಉತ್ತರ ಕೊಡ್ತಾನೆ. ತಪ್ಪಾಗಿದೆ ಅನ್ನೋದು ಲ್ಯಾಬಿಂದ ತೊಳೆದು ಬಂದ ಮೇಲೇ ಗೊತ್ತಾಗೋದು. ಕಂಟ್ರೋಲ್ ಜೆಡ್ ಇಲ್ಲ ಸ್ವಾಮಿ.

ಇನ್ನು ಮಾದರಿ ಕೋಟೆ ಕುಸಿಯೋದು. ನಮ್ಮ ಫಸ್ಟ್ ಸೆಮ್ ಫಿಸಿಕ್ಸ್ ಇಲ್ಲಿ ಉಪಯೋಗಕ್ಕೆ ಬರುತ್ತೆ. ಬೀಳೋ ಸಮಯ ಎತ್ತರದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತೆ. 16 ಮೀಟರ್ ಗೋಡೆಯ ಮೇಲಿನ ಕಲ್ಲು ನೆಲಕ್ಕೆ ಬರೋಕೆ ಸುಮಾರು 1.8 ಸೆಕೆಂಡ್, 1 ಮೀಟರ್ ಮಾದರಿಯಲ್ಲಿ ಬರೀ 0.45. ಹಾಗೇ ಶೂಟ್ ಮಾಡಿದ್ರೆ ಆಟದ ಸಾಮಾನು ಬಿದ್ದ ಹಾಗೆ ಕಾಣುತ್ತೆ. ನಾಲ್ಕು ಪಟ್ಟು ವೇಗದಲ್ಲಿ, ಅಂದ್ರೆ ಸೆಕೆಂಡಿಗೆ 96 ಫ್ರೇಮಿನಂತೆ ಶೂಟ್ ಮಾಡಿ 24ರಲ್ಲಿ ಓಡಿಸಿದ್ರೆ ಭಾರ ಬರುತ್ತೆ. ಆದ್ರೆ ನಾಲ್ಕು ಪಟ್ಟು ಫಿಲಂ ಖರ್ಚು, ನಾಲ್ಕು ಪಟ್ಟು ಬೆಳಕು. ಹಳೆಯ ಸಿನಿಮಾದಲ್ಲಿ ಕೋಟೆ ಬಿದ್ದಾಗ ನಗು ಬಂದ್ರೆ, ಅಲ್ಲಿ ಬುದ್ಧಿ ಕಡಿಮೆ ಇತ್ತು ಅಂತಲ್ಲ, ಬಹುಶಃ ದುಡ್ಡು ಕಡಿಮೆ ಇತ್ತು.

ದುಡ್ಡಿನ ವಿಷಯದಲ್ಲಿ ವಿಠಲಾಚಾರ್ಯರು ಭಾರೀ ಬಿಗಿ. ಕಡಿಮೆ ಖರ್ಚಿನಲ್ಲಿ, ಮೊದಲೇ ಎಲ್ಲ ಯೋಜನೆ ಹಾಕಿಕೊಂಡು, ಬೇಗ ಮುಗಿಸೋದರಲ್ಲಿ ಅವರಿಗೆ ಹೆಸರಿತ್ತು. ಸಿನಿಮಾದವರ ಬಾಯಲ್ಲಿ ಒಂದು ಕತೆ ಓಡಾಡುತ್ತೆ, ನಿಜವೋ ಸುಳ್ಳೋ ದೇವರಿಗೇ ಗೊತ್ತು: ಹೀರೋ ಡೇಟ್ಸ್ ಕೊಡದಿದ್ರೆ ಅಥವಾ ಹೆಚ್ಚು ದುಡ್ಡು ಕೇಳಿದ್ರೆ ಆಚಾರ್ಯರು ಜಗಳ ಆಡ್ತಿರಲಿಲ್ಲವಂತೆ. ಕತೆಯಲ್ಲಿ ಒಂದು ಶಾಪ ಹಾಕಿಸಿ ಹೀರೋನ ಗಿಣಿಯನ್ನೋ ನಾಯಿಯನ್ನೋ ಮಾಡಿಬಿಡ್ತಿದ್ದರಂತೆ. ಮುಂದಿನ ಅರ್ಧ ಸಿನಿಮಾ ಗಿಣಿ ನಟಿಸುತ್ತೆ, ಗಿಣಿಗೆ ಸಂಬಳ ಕಡಿಮೆ. ಇದನ್ನು ಹೇಳಿ ಎಲ್ಲರೂ ನಗ್ತಾರೆ, ನಾನೂ ನಕ್ಕೆ. ಆದ್ರೆ ನೋಡಿ, ಅದೇ 1963ರ ಜನವರಿ 1ರಂದು ಜಪಾನಿನಲ್ಲಿ ಒಸಾಮು ತೆಜುಕಾ ಅವರ ಆಸ್ಟ್ರೋ ಬಾಯ್ ಟಿವಿಯಲ್ಲಿ ಶುರುವಾಯಿತು. ಡಿಸ್ನಿ ಥರ ಸೆಕೆಂಡಿಗೆ 24 ಚಿತ್ರ ಬರೆಯೋಕೆ ದುಡ್ಡು, ಸಮಯ ಎರಡೂ ಇರಲಿಲ್ಲ. ಒಂದೇ ಚಿತ್ರವನ್ನು ಮೂರು ಫ್ರೇಮ್ ಹಿಡಿದಿಟ್ಟರು, ಬಾಯಿ ಮಾತ್ರ ಅಲುಗಾಡಿಸಿದರು, ಒಮ್ಮೆ ಬರೆದ ಹಾರಾಟದ ದೃಶ್ಯವನ್ನು ತೆಗೆದಿಟ್ಟು ಮತ್ತೆ ಮತ್ತೆ ಬಳಸಿದರು. ಇವತ್ತು ನಾವು ಅನಿಮೆ ಸ್ಟೈಲ್ ಅಂತ ಕರೆಯೋದರಲ್ಲಿ ಅರ್ಧ ಆ ಬಡತನದಿಂದ ಬಂದಿದ್ದು. ತೆಜುಕಾ ಮಾಡಿದ್ರೆ ಶೈಲಿ, ನಮ್ಮ ವಿಠಲಾಚಾರ್ಯರು ಮಾಡಿದ್ರೆ ಜಿಪುಣತನ! ಇದು ನನಗೆ ಸರಿ ಕಾಣಲ್ಲ.

ಅದಕ್ಕಂತ ಅವರನ್ನು ಬರೀ ಹೊಗಳೋಕೂ ಆಗಲ್ಲ. 1965ರ ಮಂಗಮ್ಮ ಶಪಥಂ ತಗೊಳ್ಳಿ, ಹಳೆಯ ಜನಪದ ಕತೆ, ಮುಂಚೆ ತಮಿಳಲ್ಲೂ ಬಂದಿದ್ದು. ಸೊಕ್ಕಿನ ರಾಜಕುಮಾರನಿಗೆ ಒಬ್ಬ ಸಾಮಾನ್ಯ ಹುಡುಗಿ ಸವಾಲು ಹಾಕಿ, ಬರೀ ಬುದ್ಧಿಯಿಂದ ಗೆಲ್ಲೋ ಕತೆ. ಜಮುನಾ ಮಂಗಮ್ಮ. ಹೀರೋಗಿಂತ ಹೀರೋಯಿನ್ ಮುಂದೆ. ಕನ್ಯಾದಾನ ಮಾಡಿದ ಕೈಯೇ ಇದು ಅಂತ ನಂಬಬಹುದು. ಆದ್ರೆ 1978ಕ್ಕೆ ಬನ್ನಿ. ಎನ್‌ಟಿಆರ್ ಥರದ ದೊಡ್ಡ ಸ್ಟಾರ್‌ಗಳ ಕಾಲ್‌ಷೀಟ್ ನಂಬಿಕೊಳ್ಳದೆ ನರಸಿಂಹರಾಜು, ಪ್ರಭಾ, ಜಯಮಾಲಿನಿ ಅವರನ್ನು ಹಾಕಿಕೊಂಡು, ಇಪ್ಪತ್ತೇಳು ವರ್ಷದ ಹಿಂದಿನ ಅದೇ ಹೆಸರು ತೆಗೆದು ಜಗನ್ಮೋಹಿನಿ ಮಾಡಿದರು. ಭರ್ಜರಿಯಾಗಿ ಓಡಿತು. ತಮಿಳಿಗೂ ಡಬ್ ಆಯಿತು, 2009ರಲ್ಲಿ ತಮಿಳಿನವರು ಇದೇ ಹೆಸರಲ್ಲಿ ಮತ್ತೆ ತೆಗೆದರು. ಇದರಲ್ಲಿ ದೆವ್ವ ಸೌದೆ ಬದಲು ತನ್ನ ಕಾಲನ್ನೇ ಒಲೆಗೆ ಇಟ್ಟು ಅಡುಗೆ ಮಾಡೋ ದೃಶ್ಯ ಇದೆ. ಅದು ಅದ್ಭುತ, ಸುಳ್ಳು ಹೇಳಲ್ಲ. ಭಯ, ನಗು, ಒಂದು ಥರ ಸಂಕಟ ಎಲ್ಲ ಒಟ್ಟಿಗೆ ಆಗುತ್ತೆ. ಮನೆಯಲ್ಲಿ ಒಲೆ ಮುಂದೆ ಬೆಂದ ಹೆಂಗಸರನ್ನು ನೋಡಿದವರಿಗೆ ಅದು ಬರೀ ದೆವ್ವದ ಟ್ರಿಕ್ ಅನ್ನಿಸಲ್ಲ. ಆಚಾರ್ಯರು ಅಷ್ಟೆಲ್ಲ ಯೋಚಿಸಿದ್ದರೋ ಇಲ್ಲವೋ, ದೃಶ್ಯ ಮಾತ್ರ ಮರೆಯೋಕಾಗಲ್ಲ. ಆದ್ರೆ ಅದೇ ಸಿನಿಮಾದ ಉಳಿದ ಅರ್ಧ ಹೊತ್ತು ಕ್ಯಾಮೆರಾ ಜಯಮಾಲಿನಿಯ ಮೈ ಮೇಲೇ ಇರುತ್ತೆ. ಕೆಟ್ಟವಳು ಅಂದ್ರೆ ಕುಣಿಯೋಳು, ಒಳ್ಳೆಯವಳು ಅಂದ್ರೆ ಪೂಜೆ ಮಾಡೋಳು ಅನ್ನೋ ಲೆಕ್ಕ. ಓಡಿತು ಅಂತ ಆಮೇಲೆ ಮದನ ಮಂಜರಿ, ಮೋಹಿನಿ ಶಪಥಂ ಅಂತ ಅದೇ ಹಿಟ್ಟನ್ನು ಮತ್ತೆ ಮತ್ತೆ ರುಬ್ಬಿದರು. ವರದಕ್ಷಿಣೆ ವಿರುದ್ಧ ಸಿನಿಮಾ ಮಾಡಿದವರು ಇಲ್ಲಿಗೆ ಹೇಗೆ ಬಂದರು? ಟೆಂಟಿನ ನೆಲದವರ ಶಿಳ್ಳೆಯನ್ನು ಅಷ್ಟು ಚೆನ್ನಾಗಿ ಓದಲು ಕಲಿತವನಿಗೆ ಅದನ್ನು ಮೀರೋದು ಕೊನೆಗೆ ಕಷ್ಟವಾಯಿತೇನೋ. ಅವರನ್ನು ಬೆಳೆಸಿದ್ದೂ ಅದೇ, ಕಟ್ಟಿಹಾಕಿದ್ದೂ ಅದೇ ಅಂತ ನನ್ನ ಅಭಿಪ್ರಾಯ. ಅನಿಮೆಯಲ್ಲೂ ಫ್ಯಾನ್ ಸರ್ವಿಸ್ ಅನ್ನೋ ಹೆಸರಲ್ಲಿ ಇದೇ ನಡೆಯುತ್ತೆ, ಅಲ್ಲಿ ನಾವು ಸುಮ್ಮನೆ ಇರ್ತೀವಿ ಅನ್ನೋದು ಬೇರೆ ಮಾತು.

ನಮ್ಮಜ್ಜಿಗೆ ಈ ಸಿನಿಮಾಗಳು ಗೊತ್ತು. ಆದ್ರೆ ಅವರಿಗೆ ವಿಠಲಾಚಾರ್ಯ ಅನ್ನೋದು ಒಬ್ಬ ಮನುಷ್ಯನ ಹೆಸರು ಅಂತ ಗೊತ್ತಿರಲಿಲ್ಲ. ಮಾಯ ಮಂತ್ರದ ಪಿಚ್ಚರಿಗೆ ಹಾಗೆ ಕರೀತಾರೆ ಅಂದುಕೊಂಡಿದ್ದರು. ಒಬ್ಬ ಡೈರೆಕ್ಟರ್‌ನ ಹೆಸರು ಒಂದು ಜಾತಿಯ ಸಿನಿಮಾದ ಹೆಸರೇ ಆಗಿಬಿಡೋದು ಎಷ್ಟು ಜನಕ್ಕೆ ಸಿಗುತ್ತೆ? ತೆಲುಗಿನಲ್ಲಿ ಈಗಲೂ ಗ್ರಾಫಿಕ್ಸ್ ಅತಿಯಾದ್ರೆ ವಿಠಲಾಚಾರ್ಯ ಸಿನಿಮಾ ಥರ ಇದೆ ಅಂತಾರೆ. ಕೆಲವರು ಬಯ್ಯೋಕೆ, ಕೆಲವರು ಪ್ರೀತಿಗೆ.

1980ರ ದಶಕದಲ್ಲಿ ಅವರ ಸಿನಿಮಾ ಕಡಿಮೆಯಾದವು. ಕತ್ತಿ ಹಿಡಿದ ರಾಜಕುಮಾರರ ಕಾಲ ಮುಗಿದು ಬಂದೂಕು ಹಿಡಿದ ಹೀರೋಗಳು ಬಂದಿದ್ದರು. ಮನೆಮನೆಗೆ ಟಿವಿ ಬಂತು, ಊರೂರಿನ ಟೆಂಟುಗಳು ಒಂದೊಂದಾಗಿ ಬಿಚ್ಚಿದವು. 1987ರಲ್ಲಿ ವೀರ ಪ್ರತಾಪ್ ಮಾಡಿದರು, ಮತ್ತೆ ರಾಜರ ಕತೆಯೇ. ತೀರಿಕೊಂಡಾಗ ವಯಸ್ಸು 79.

ಮುಂದಿನ ವಾರಾಂತ್ಯ ಯಾರಿಗಾದರೂ ಬಿಡುವಿದ್ರೆ ವೀರಕೇಸರಿ ಹಾಕೋಣ ಅಂತಿದ್ದೀನಿ, ಕನ್ನಡ ಸಂಘದ ರೂಮಿನಲ್ಲಿ, ಪ್ರೊಜೆಕ್ಟರ್ ಸಿಕ್ಕರೆ. ನೋಡುವಾಗ ಪ್ರತಿ 11 ನಿಮಿಷಕ್ಕೊಮ್ಮೆ ವಾಚ್ ನೋಡಿ, ಕತೆ ಎಲ್ಲಿ ತಿರುಗುತ್ತೆ ಅಂತ ಬರೆದಿಟ್ಟುಕೊಳ್ಳಿ. ಕುರ್ಚಿ ಕಮ್ಮಿ ಇದೆ, ನೆಲದಲ್ಲಿ ಕೂರೋರಿಗೆ ಚಾಪೆ ತರ್ತೀವಿ.